ಬಿದ್ದವರು ಏಳುವ ವೆಚ್ಚ

ನಮ್ಮ ಬೀದಿಯಲ್ಲಿ ಹೊಲಿಗೆಯ ಕೆಲಸದಿಂದ ಸಂಸಾರಕ್ಕೆ ಆಧಾರವಾಗಿದ್ದ ತಾಯಿಯೊಬ್ಬರು ಕಳೆದ ಕಾರ್ತಿಕದ ಒಂದು ಮುಂಜಾನೆ ಮನೆಯ ಮುಂದೆ ನೀರು ಚಿಮುಕಿಸಿ ರಂಗೋಲಿಗೆಂದು ಬಾಗಿದ್ದಾಗ, ಬೈಕಿನಲ್ಲಿ ಬಂದ ಇಬ್ಬರಲ್ಲಿ ಹಿಂದೆ ಕುಳಿತಿದ್ದವನು ಅವರ ಕೊರಳ ಸರಕ್ಕೆ ಕೈಹಾಕಿದನು. ಸರವನ್ನು ಉಳಿಸಿಕೊಳ್ಳಲು ಅವರು ಬಲಗೈಯನ್ನು ಅಡ್ಡ ತಂದರು. ಸರದೊಡನೆ ಅವರ ಅಂಗೈಯೂ ಅವನ ಚಾಕುವಿಗೆ ಸಿಕ್ಕಿತು. ಇಷ್ಟು ನಡೆದುಹೋಗಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಆ ಅರ್ಧ ನಿಮಿಷದ ಲೆಕ್ಕವು ಇಂದಿಗೂ ಮುಗಿದಿಲ್ಲ.

ಮೊನ್ನೆ ಒಂದು ಸಂಜೆ ಅವರು ಹಳೆಯ ಸೀರೆಪೆಟ್ಟಿಗೆಯೊಂದನ್ನು ತಂದು ನನ್ನ ಮುಂದಿಟ್ಟು ಮುಚ್ಚಳ ತೆಗೆದರು. ಅದರೊಳಗೆ ಆಸ್ಪತ್ರೆಯ ಬಿಲ್ಲುಗಳು, ಔಷಧದಂಗಡಿಯ ಚೀಟಿಗಳು, ರಕ್ತಪರೀಕ್ಷೆಯ ವರದಿಗಳು, ಬ್ಯಾಂಕಿನಲ್ಲಿ ಬಳೆಗಳನ್ನು ಅಡವಿಟ್ಟ ರಸೀದಿ, ಗುರುತು ಪತ್ತೆಗೆಂದು ಪೊಲೀಸ್ ಠಾಣೆಗೆ ಕರೆದಾಗಲೆಲ್ಲ ಹೋಗಿ ಬಂದ ಬಸ್ಸಿನ ಟಿಕೆಟುಗಳು, ಎಲ್ಲವೂ ರವಿಕೆ ಕತ್ತರಿಸಿ ಉಳಿದ ಬಟ್ಟೆಯ ಅಂಚಿನಿಂದ ಕಟ್ಟಲ್ಪಟ್ಟು, ತಿಂಗಳು ತಿಂಗಳಿಗೆ ಒಂದೊಂದು ಕಟ್ಟಾಗಿ, ಬಹು ಅಚ್ಚುಕಟ್ಟಾಗಿ ಇದ್ದವು. ಎಲ್ಲಕ್ಕಿಂತ ಮೇಲೆ ಪೊಲೀಸರಿಂದ ಬಂದ ಒಂದು ಹಾಳೆಯಿತ್ತು. ಆರೋಪಿಗಳು ಪತ್ತೆಯಾಗದ ಕಾರಣ ನ್ಯಾಯಾಲಯಕ್ಕೆ 'ಸಿ' ವರದಿಯನ್ನು ಸಲ್ಲಿಸಲಾಗಿದೆಯೆಂಬುದೇ ಅದರ ತಾತ್ಪರ್ಯ. "ಕೇಸು ಮುಗಿಯಿತಂತೆ ಮೇಷ್ಟ್ರೇ. ಹಾಗಾದರೆ ಈ ಚೀಟಿಗಳನ್ನೆಲ್ಲ ನಾನು ಯಾರಿಗೆ ಕೊಡಬೇಕು?" ಎಂದು ಅವರು ಕೇಳಿದರು. ಅವರ ಧ್ವನಿಯಲ್ಲಿ ಕೋಪವಿರಲಿಲ್ಲ. ಲೆಕ್ಕವನ್ನು ಸರಿಯಾಗಿ ಇಟ್ಟವರು, ಅದನ್ನು ಒಪ್ಪಿಸಲು ಎಲ್ಲಿಯೋ ಒಂದು ಸ್ಥಳವಿರಲೇಬೇಕೆಂದು ನಂಬಿ ಕೇಳಿದ ಪ್ರಶ್ನೆ ಅದು. ಈ ಲೇಖನವು ಆ ಪ್ರಶ್ನೆಯ ಬೆನ್ನುಹತ್ತಿ ಹೊರಟದ್ದು.

ಅಪರಾಧದ ಸುದ್ದಿಯನ್ನು ಓದುವ ನಮಗೆ ಅದು ಒಂದು ಘಟನೆ. ಅದರಲ್ಲಿ ಸಿಕ್ಕಿಬಿದ್ದವರಿಗೆ ಅದು ಒಂದು ದೀರ್ಘಕಾಲದ ಖರ್ಚು. ಆ ತಾಯಿಯ ಕೈಯಲ್ಲಿ ಕತ್ತರಿಸಿಹೋದುದು ಚರ್ಮವೊಂದೇ ಆಗಿರಲಿಲ್ಲ. ಬೆರಳುಗಳನ್ನು ಮಡಿಸುವ ಸ್ನಾಯುರಜ್ಜುಗಳೂ, ತೋರುಬೆರಳಿಗೆ ಸ್ಪರ್ಶಜ್ಞಾನವನ್ನು ಒದಗಿಸುವ ನರವೂ ತುಂಡಾಗಿದ್ದವು. ಇಂತಹ ರಜ್ಜುವನ್ನು ಶಸ್ತ್ರವೈದ್ಯರು ಹೊಲಿದು ಕೂಡಿಸಿದ ಮೇಲೆ ಸುಮಾರು ಆರು ವಾರಗಳ ಕಾಲ ಕೈಗೆ ಆಸರೆಪಟ್ಟಿಯನ್ನು ಕಟ್ಟಿಟ್ಟಿರಬೇಕು. ಮೂರು ತಿಂಗಳವರೆಗೆ ಅದನ್ನು ಭಾರದ ಕೆಲಸಕ್ಕೆ ಹಚ್ಚಕೂಡದು. ಅಷ್ಟರಲ್ಲಿ ತಜ್ಞರ ಮೇಲ್ವಿಚಾರಣೆಯಲ್ಲಿ ದಿನದಿನದ ವ್ಯಾಯಾಮ ನಡೆಯದೆಹೋದರೆ, ಹೊಲಿದ ರಜ್ಜುವು ಸುತ್ತಣ ಮಾಂಸಕ್ಕೆ ಅಂಟಿಕೊಂಡು ಬೆರಳು ಮಡಿಸಲಾರದಂತಾಗಿ, ಆ ಅಂಟನ್ನು ಬಿಡಿಸುವುದಕ್ಕಾಗಿಯೇ ಮತ್ತೊಂದು ಶಸ್ತ್ರಚಿಕಿತ್ಸೆ ಬೇಕಾದೀತು. ವ್ಯಾಯಾಮದ ಪ್ರತಿಯೊಂದು ಸರದಿಗೂ ಶುಲ್ಕವುಂಟು, ಹೋಗಿ ಬರುವ ಆಟೋ ಬಾಡಿಗೆಯುಂಟು. ಹಣವು ಮುಗಿದ ವಾರ ಅವರು ಹೋಗುವುದನ್ನು ನಿಲ್ಲಿಸಿದರು. ನಿಲ್ಲಿಸಿದ ವಾರದಿಂದ ಬೆರಳೂ ಮಡಿಯುವುದನ್ನು ನಿಲ್ಲಿಸಿತು. ಈಗ ಸೂಜಿ ಚುಚ್ಚಿದರೂ ಅವರ ತೋರುಬೆರಳಿಗೆ ತಿಳಿಯದು. ಇದು ಬೇರೆಯವರಿಗೆ ಅಲ್ಪವಾದ ಊನವೆನಿಸಬಹುದು. ಕಾಜಾ ಹಾಕುವವರಿಗೆ, ಸೀರೆಗೆ ಫಾಲ್ಸ್ ಹಚ್ಚುವವರಿಗೆ ಅದೇ ಸರ್ವಸ್ವದ ನಷ್ಟ.

ಪೆಟ್ಟಿಗೆಯಲ್ಲಿ ಚೀಟಿಯುಳ್ಳ ಖರ್ಚು ಇಷ್ಟಾದರೆ, ಚೀಟಿಯಿಲ್ಲದ ಖರ್ಚು ಇದಕ್ಕಿಂತಲೂ ದೊಡ್ಡದು. ಹಬ್ಬ ಮದುವೆಗಳ ಕಾಲದಲ್ಲಿ ಬರಬೇಕಾಗಿದ್ದ ರವಿಕೆಗಳು ಬೇರೆ ಅಂಗಡಿಗೆ ಹೋದವು. ಹೋದ ಗಿರಾಕಿಗಳಲ್ಲಿ ಮರಳಿದವರು ಕೆಲವರೇ. ತಾಯಿಗೆ ತಲೆ ಬಾಚಿ, ಅನ್ನ ಕಲಸಿ ಕೊಡಬೇಕಾದುದರಿಂದ ಮಗಳು ಕಾಲೇಜನ್ನು ಬಿಟ್ಟು ಮನೆಯಲ್ಲಿ ನಿಂತಳು. ಹಾಜರಾತಿ ಸಾಲದೆ ಆ ವರ್ಷದ ಪರೀಕ್ಷೆ ತಪ್ಪಿಹೋಯಿತು. ಆಸ್ಪತ್ರೆಯಲ್ಲಿ ಜೊತೆಗಿದ್ದ ದಿನಗಳಿಗೆ ಗಂಡನಿಗೆ ಕೂಲಿ ಬರಲಿಲ್ಲ. ಕೈಸಾಲ ಕೊಟ್ಟ ಬಂಧುಗಳು ಬಾಯಿಬಿಟ್ಟು ಕೇಳದಿದ್ದರೂ, ಅವರು ಎದುರಿಗೆ ಬಂದಾಗ ಈ ಮನೆಯವರ ತಲೆ ತಾನಾಗಿ ತಗ್ಗುವುದು. ಇನ್ನು ಮನಸ್ಸಿನ ವಿಷಯವನ್ನು ಯಾವ ಖಾತೆಯಲ್ಲಿ ಬರೆಯುವುದು? ಬೈಕಿನ ಸದ್ದು ಕೇಳಿದರೆ ಅವರು ಇಂದಿಗೂ ಬಾಗಿಲಿನಿಂದ ಒಳಕ್ಕೆ ಸರಿಯುತ್ತಾರೆ, ನಸುಕಿನಲ್ಲಿ ರಂಗೋಲಿಯಿಕ್ಕುವ ಪದ್ಧತಿ ಆ ಮನೆಯಲ್ಲಿ ನಿಂತುಹೋಗಿದೆ, ರಾತ್ರಿ ನಿದ್ರೆಯಿಲ್ಲ. ಅದಕ್ಕೂ ಚಿಕಿತ್ಸೆಯುಂಟೆಂದೂ, ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಇರುವರೆಂದೂ ಅವರಿಗೆ ಯಾರೂ ಹೇಳಿರಲಿಲ್ಲ. ಗಾಯವನ್ನು ಹೊಲಿದವರು ಗಾಯವನ್ನು ಮಾತ್ರ ನೋಡಿದರು; ದೂರು ಬರೆದುಕೊಂಡವರು ದೂರನ್ನು ಮಾತ್ರ ನೋಡಿದರು.

ಈಗ ರಾಜ್ಯವು ಈ ಪ್ರಸಂಗದಲ್ಲಿ ಯಾವ ಸ್ಥಾನದಲ್ಲಿ ನಿಂತಿದೆಯೆಂಬುದನ್ನು ನೋಡೋಣ. ನಮ್ಮ ದಂಡನೀತಿಯ ಮೂಲಭಾವನೆಯೆಂದರೆ, ಅಪರಾಧವು ವ್ಯಕ್ತಿಯೊಬ್ಬನಿಗೆ ಬಗೆದ ದ್ರೋಹ ಮಾತ್ರವಾಗಿರದೆ ಸಮಸ್ತ ಸಮಾಜದ ಶಾಂತಿಗೆ ಬಗೆದ ದ್ರೋಹವೂ ಆಗಿದೆಯೆಂಬುದು. ಆದಕಾರಣವೇ ಮೊಕದ್ದಮೆಯನ್ನು ರಾಜ್ಯವೇ ನಡೆಸುತ್ತದೆ. ವಾದಿಸುವವರು ಸರ್ಕಾರಿ ಅಭಿಯೋಜಕರು. ಅಪರಾಧಿಗೆ ವಿಧಿಸಿದ ಜುಲ್ಮಾನೆಯು, ನ್ಯಾಯಾಧೀಶರು ಬೇರೆ ರೀತಿಯಲ್ಲಿ ಆಜ್ಞೆ ಮಾಡದಿದ್ದರೆ, ಸೇರುವುದು ಸರ್ಕಾರದ ಬೊಕ್ಕಸಕ್ಕೆ. ಇದು ಉದಾತ್ತವಾದ ಸಿದ್ಧಾಂತವೇ ಸರಿ. ಬಡವನ ಮೇಲೆ ಬಿದ್ದ ಏಟನ್ನು ತನ್ನ ಮೇಲೆ ಬಿದ್ದ ಏಟೆಂದು ರಾಜ್ಯವು ಎಣಿಸುವುದಕ್ಕಿಂತ ಹೆಚ್ಚಿನ ಆಶ್ವಾಸನೆಯನ್ನು ಪ್ರಜೆಗೆ ಯಾರು ಕೊಟ್ಟಾರು? ಆದರೆ ಏಟು ತನ್ನದೆಂದು ಒಪ್ಪಿಕೊಂಡವರು ಔಷಧದ ಬಿಲ್ಲು ಮಾತ್ರ ತಮ್ಮದಲ್ಲವೆಂದು ಹೇಳುವುದು ಯಾವ ತರ್ಕಕ್ಕೆ ಸಂಗತವಾದೀತು? ಆರೋಪಿಯನ್ನು ಹುಡುಕುವ ವೆಚ್ಚ, ಅವನಿಗೆ ಬಡತನವಿದ್ದರೆ ವಕೀಲರನ್ನು ಒದಗಿಸುವ ವೆಚ್ಚ, ಶಿಕ್ಷೆಯಾದ ಮೇಲೆ ಸೆರೆಮನೆಯಲ್ಲಿ ಅವನ ಊಟ ವಸತಿ ವೈದ್ಯೋಪಚಾರಗಳ ವೆಚ್ಚ, ಇವೆಲ್ಲವೂ ನಾಗರಿಕ ರಾಜ್ಯವೊಂದು ಮಾಡಲೇಬೇಕಾದ ವೆಚ್ಚಗಳು. ಅವುಗಳಲ್ಲಿ ಒಂದು ಕಾಸನ್ನೂ ಕಡಿಮೆ ಮಾಡಬೇಕೆಂದು ನಾನು ಹೇಳುವವನಲ್ಲ. ಇಷ್ಟೆಲ್ಲ ವೆಚ್ಚಗಳ ಪಟ್ಟಿಯಲ್ಲಿ ಗಾಯಗೊಂಡವರ ಹೆಸರು ಮೊದಲನೆಯದಾಗಿರಬೇಕಾಗಿತ್ತು. ಅದು ಬಹುಮಟ್ಟಿಗೆ ಬಿಟ್ಟುಹೋಗಿದೆಯೆಂಬುದೇ ನನ್ನ ದೂರು.

ಈ ವಿಷಯದಲ್ಲಿ ನಮ್ಮ ಪ್ರಾಚೀನರು ಬಳಸಿದ ಒಂದು ಶಬ್ದವು ಬಹು ದಿನಗಳಿಂದ ನನ್ನ ಮನಸ್ಸಿನಲ್ಲಿ ನಿಂತಿದೆ: ಸಮುತ್ಥಾನವ್ಯಯ. ಪರರ ಅಂಗಕ್ಕೆ ಗಾಯ ಮಾಡಿದವನು ಅರಸನಿಗೆ ದಂಡ ತೆತ್ತರೆ ಸಾಲದು, ಗಾಯಗೊಂಡವನ ಸಮುತ್ಥಾನವ್ಯಯವನ್ನೂ ಕೊಡಬೇಕೆಂದು ಮನುಸ್ಮೃತಿಯೂ ಯಾಜ್ಞವಲ್ಕ್ಯ ಸ್ಮೃತಿಯೂ ವಿಧಿಸುತ್ತವೆ. ಸಮುತ್ಥಾನವೆಂದರೆ ಮತ್ತೆ ಎದ್ದು ನಿಲ್ಲುವುದು. ಔಷಧದ ಬೆಲೆಯೆಂದಾಗಲಿ ವೈದ್ಯರ ಶುಲ್ಕವೆಂದಾಗಲಿ ಅವರು ಹೇಳಲಿಲ್ಲ. ಬಿದ್ದವನು ಮೊದಲಿನಂತೆ ಎದ್ದು ನಿಲ್ಲಲು ಎಷ್ಟು ಬೇಕೋ ಅಷ್ಟು ಎಂಬ ಅಳತೆಯನ್ನು ಆ ಒಂದೇ ಶಬ್ದದಲ್ಲಿ ಇಟ್ಟರು. ಕಳ್ಳರು ಅಪಹರಿಸಿದ ದ್ರವ್ಯವನ್ನು ಅರಸನು ಪ್ರಜೆಗೆ ಕೊಡತಕ್ಕದ್ದು, ಕೊಡದಿದ್ದರೆ ಅದರ ಪಾಪವು ಅವನಿಗೆ ಹತ್ತುವುದು ಎಂದೂ ಯಾಜ್ಞವಲ್ಕ್ಯ ಸ್ಮೃತಿಯು ಹೇಳುತ್ತದೆ. ಆ ಸ್ಮೃತಿಗೆ 'ಮಿತಾಕ್ಷರಾ' ಎಂಬ ಜಗತ್ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ, ಎಂದರೆ ಇಂದಿನ ನಮ್ಮ ಬಸವಕಲ್ಯಾಣದಲ್ಲಿ, ಇದ್ದವನು. ಅವೇ ಗ್ರಂಥಗಳು ಜಾತಿಯನ್ನು ನೋಡಿ ದಂಡವನ್ನು ಹೆಚ್ಚು ಕಡಿಮೆ ಮಾಡಿದುವೆಂಬ ಅನ್ಯಾಯವನ್ನು ಮರೆಯಬೇಕಾದುದಿಲ್ಲ, ಮನ್ನಿಸಬೇಕಾದುದೂ ಇಲ್ಲ. ಆದರೂ ಗಾಯದ ಲೆಕ್ಕವನ್ನು ತೀರಿಸದೆ ನ್ಯಾಯವು ಮುಗಿಯದೆಂಬ ಅರಿವು ಅಲ್ಲಿ ಸ್ಪಷ್ಟವಾಗಿದೆ.

ಶಾಸ್ತ್ರಗ್ರಂಥಗಳ ಮಾತು ಹಾಗಿರಲಿ. ನಮ್ಮ ಹಳ್ಳಿಗಳ ಹೊರವಲಯದಲ್ಲಿ ನಿಂತಿರುವ ವೀರಗಲ್ಲುಗಳೂ ಇದನ್ನೇ ಇನ್ನೊಂದು ರೀತಿಯಲ್ಲಿ ನುಡಿಯುತ್ತವೆ. ಊರಿನ ತುರುಗಳನ್ನು ಹೊಡೆದುಕೊಂಡು ಹೋಗಲು ಬಂದ ಕಳ್ಳರೊಡನೆ ಕಾದಿ ಮಡಿದವನ ಮನೆಯವರಿಗೆ ಭೂಮಿಯನ್ನು ಬಿಟ್ಟುಕೊಡುವ ಪದ್ಧತಿ ಕನ್ನಡನಾಡಿನಲ್ಲಿತ್ತು. ಶಾಸನಗಳು ಅದನ್ನು ನೆತ್ತರುಗೊಡಗೆಯೆಂದು ಕರೆದಿವೆ. ಅದು ಕಾದಿದವನಿಗೆ ಸಂದ ಗೌರವವೆಂಬುದು ನಿಜ, ಎಲ್ಲ ಗಾಯಾಳುಗಳಿಗೂ ಸಂದ ಪರಿಹಾರವಲ್ಲ. ಆದರೆ ಊರಿನ ನೆಮ್ಮದಿ ಕೆಟ್ಟಾಗ ಚೆಲ್ಲಿದ ನೆತ್ತರಿಗೆ ಊರು ಋಣಿಯೆಂಬ ಭಾವವು ಆ ಶಬ್ದದಲ್ಲಿಯೇ ಅಡಗಿದೆ. ಆ ಋಣವನ್ನು ಕಲ್ಲಿನಲ್ಲಿ ಕೊರೆದು ನಿಲ್ಲಿಸಿದವರ ನಾಡಿನಲ್ಲಿ ಇಂದು ಗಾಯಾಳುವಿನ ಲೆಕ್ಕವು ಸೀರೆಪೆಟ್ಟಿಗೆಯಲ್ಲಿ ಉಳಿದಿರುವುದು ಖೇದಕರವಾದ ಸಂಗತಿ.

ಆಧುನಿಕ ಲೋಕವು ಈ ಅರಿವಿಗೆ ಮರಳಿ ಬಂದುದು ತಡವಾಗಿ. ಇಂಗ್ಲೆಂಡಿನಲ್ಲಿ ಸೆರೆಮನೆಗಳ ಸುಧಾರಣೆಗಾಗಿ ಬಾಳೆಲ್ಲ ಶ್ರಮಿಸಿದ ಮಾರ್ಜರಿ ಫ್ರೈ ಎಂಬ ಮಹಿಳೆಯು, ಅಪರಾಧಿಯ ಬಗೆಗೆ ಕರುಣೆಯುಳ್ಳವರೇ ಅಪರಾಧದಿಂದ ನೊಂದವರ ಬಗೆಗೂ ಮಾತನಾಡಬೇಕೆಂದು 1950ರ ದಶಕದಲ್ಲಿ ಈ ಪ್ರಶ್ನೆಯನ್ನು ಎತ್ತಿದರು. ಆ ವಿಚಾರವನ್ನು ಮೊದಲು ಕಾನೂನಾಗಿ ಮಾಡಿದ ಕೀರ್ತಿ ನ್ಯೂಜಿಲೆಂಡಿಗೆ ಸಲ್ಲುತ್ತದೆ, ಅದು 1963ರಲ್ಲಿ. ಮರುವರ್ಷ ಬ್ರಿಟನ್ ಅದೇ ದಾರಿಯನ್ನು ಹಿಡಿಯಿತು. ವಿಶ್ವಸಂಸ್ಥೆಯ ಮಹಾಸಭೆಯು 1985ರ ನವೆಂಬರಿನಲ್ಲಿ ಅಪರಾಧ ಸಂತ್ರಸ್ತರ ನ್ಯಾಯದ ಕುರಿತು ಘೋಷಣೆಯೊಂದನ್ನು ಅಂಗೀಕರಿಸಿ, ಅಪರಾಧಿಯಿಂದ ಪೂರ್ಣ ಪರಿಹಾರ ದೊರೆಯದಿದ್ದಲ್ಲಿ ರಾಜ್ಯಗಳು ಅದನ್ನು ಒದಗಿಸಲು ಯತ್ನಿಸಬೇಕೆಂದು ಹೇಳಿತು. ನಮ್ಮ ದೇಶದಲ್ಲಿ ಈ ಮಾತನ್ನು ನಿಸ್ಸಂದಿಗ್ಧವಾಗಿ ಆಡಿದವರಲ್ಲಿ ಕನ್ನಡಿಗರೊಬ್ಬರ ಹೆಸರು ಮುಖ್ಯವಾದುದು. ಕರ್ನಾಟಕ ಮತ್ತು ಕೇರಳ ಉಚ್ಚ ನ್ಯಾಯಾಲಯಗಳ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ವಿ. ಎಸ್. ಮಳಿಮಠರ ಅಧ್ಯಕ್ಷತೆಯ ಸಮಿತಿಯು 2003ರ ತನ್ನ ವರದಿಯಲ್ಲಿ, ಗಂಭೀರ ಅಪರಾಧಗಳಲ್ಲಿ ಸಂತ್ರಸ್ತರಿಗೆ ಪರಿಹಾರ ಕೊಡುವುದು ರಾಜ್ಯದ ಹೊಣೆಯೆಂದೂ, ಅಪರಾಧಿ ಸಿಕ್ಕಲಿ ಸಿಕ್ಕದಿರಲಿ, ಅವನಿಗೆ ಶಿಕ್ಷೆಯಾಗಲಿ ಆಗದಿರಲಿ, ಆ ಹೊಣೆಯು ನಿಲ್ಲತಕ್ಕದ್ದೆಂದೂ ಸ್ಪಷ್ಟಪಡಿಸಿತು.

ಅನಂತರ ಕಾನೂನು ಸ್ವಲ್ಪ ಸ್ವಲ್ಪವಾಗಿ ಮುಂದಕ್ಕೆ ನಡೆಯಿತು. 2008ರ ತಿದ್ದುಪಡಿಯಿಂದ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 357ಎ ಎಂಬ ಕಲಮು ಸೇರಿ, ಪ್ರತಿಯೊಂದು ರಾಜ್ಯವೂ ಸಂತ್ರಸ್ತರ ಪರಿಹಾರ ಯೋಜನೆಯೊಂದನ್ನು ರಚಿಸಬೇಕೆಂದಾಯಿತು. ಕರ್ನಾಟಕದ ಯೋಜನೆಯು 2011ರದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದೇ ವಿಧಿಯು 396ನೆಯ ಕಲಮಾಗಿದೆ. ಆ ಕಲಮಿನಲ್ಲಿ ನಮ್ಮ ಬೀದಿಯ ತಾಯಿಯ ಪ್ರಶ್ನೆಗೆ ಉತ್ತರವುಂಟು: ಅಪರಾಧಿ ಪತ್ತೆಯಾಗದೆ ವಿಚಾರಣೆಯೇ ನಡೆಯದಿದ್ದರೂ, ಸಂತ್ರಸ್ತರು ಯಾರೆಂದು ತಿಳಿದಿದ್ದಲ್ಲಿ, ಅವರು ನೇರವಾಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು; ಪ್ರಾಧಿಕಾರವು ಎರಡು ತಿಂಗಳೊಳಗೆ ವಿಚಾರಣೆಯನ್ನು ಮುಗಿಸಿ ಪರಿಹಾರವನ್ನು ನಿರ್ಣಯಿಸಬೇಕು. ಠಾಣಾಧಿಕಾರಿಯೋ ಮ್ಯಾಜಿಸ್ಟ್ರೇಟರೋ ಪ್ರಮಾಣಪತ್ರ ಕೊಟ್ಟರೆ ಪ್ರಥಮ ಚಿಕಿತ್ಸೆ ಮತ್ತು ವೈದ್ಯಕೀಯ ಸೌಲಭ್ಯಗಳನ್ನು ಉಚಿತವಾಗಿ ಒದಗಿಸುವಂತೆ ಪ್ರಾಧಿಕಾರವು ಆಜ್ಞೆ ಮಾಡಬಹುದು. ಹೀಗಿರುವಾಗ, ಕೇಸು ಮುಗಿಯಿತೆಂದು ತಿಳಿಸಿದ ಆ ಹಾಳೆಯಲ್ಲಿ, ನಿಮ್ಮ ಪರಿಹಾರದ ಹಕ್ಕು ಮುಗಿದಿಲ್ಲವೆಂಬ ಒಂದು ಸಾಲು ಏಕೆ ಇರಬಾರದಾಗಿತ್ತು?

ಸಮುತ್ಥಾನವ್ಯಯದ ತತ್ತ್ವವು ನಮ್ಮ ಹೊಸ ಕಾನೂನಿನಲ್ಲಿ ಪೂರ್ಣವಾಗಿ ಮೂಡಿರುವುದು ಒಂದೆರಡು ಬಗೆಯ ಅಪರಾಧಗಳಲ್ಲಿ ಮಾತ್ರ. ಆಸಿಡ್ ದಾಳಿಯು ಅವುಗಳಲ್ಲಿ ಒಂದು. ಅದು ಹಾಗಾದುದಕ್ಕೆ ಕಾರಣ, ಆ ಗಾಯದ ಸ್ವರೂಪವೇ ಆಗಿದೆ. ಆಸಿಡ್ ಬಿದ್ದ ಮುಖದ ಚಿಕಿತ್ಸೆಯು ಸಣ್ಣ ಸುಟ್ಟಗಾಯದಂತೆ ಕೆಲವು ವಾರಗಳಲ್ಲಿ ಮುಗಿಯುವ ಮಾತಾಗಿರುವುದಿಲ್ಲ. ತೊಡೆಯ ಚರ್ಮವನ್ನು ತೆಗೆದು ಮುಖಕ್ಕೆ ಕಸಿ ಮಾಡಬೇಕು. ಕಸಿ ಮಾಡಿದ ಚರ್ಮವು ಒಣಗುತ್ತ ಸುಕ್ಕುಗಟ್ಟಿ ಕತ್ತನ್ನು ಎದೆಗೆ ಎಳೆದರೆ, ರೆಪ್ಪೆಯನ್ನು ಮುಚ್ಚಲಾಗದಂತೆ ಮಾಡಿದರೆ, ಅದನ್ನು ಬಿಡಿಸಲು ಮತ್ತೆ ಶಸ್ತ್ರಚಿಕಿತ್ಸೆ. ಗಾಯದ ಗಂಟುಗಳು ಉಬ್ಬದಿರಲೆಂದು ಒತ್ತುಬಟ್ಟೆಯ ಮುಖವಾಡವನ್ನು ತಿಂಗಳುಗಟ್ಟಲೆ, ದಿನದ ಬಹುಪಾಲು ಹೊತ್ತು, ಧರಿಸಿಯೇ ಇರಬೇಕು. ಕಣ್ಣು ಹೋದರೆ ಅದರ ಕಥೆಯೇ ಬೇರೆ. ಬೆಂಗಳೂರಿನಲ್ಲಿ 1999ರಲ್ಲಿ ನಡೆದ ಇಂತಹ ಒಂದು ದಾಳಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಅಪರಾಧಿಗೆ ಆಜೀವ ಕಾರಾವಾಸವನ್ನು ವಿಧಿಸಿದುದು 2006ರಲ್ಲಿ. ತೀರ್ಪು ಏಳು ವರ್ಷ ಕಾಯಬಲ್ಲದು. ಸುಟ್ಟ ಚರ್ಮವು ಏಳು ದಿನವೂ ಕಾಯಲಾರದು.

ಇದನ್ನು ಮನಗಂಡು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ, ಆಸಿಡ್ ದಾಳಿಗೆ ಗುರಿಯಾದವರಿಗೆ ಕನಿಷ್ಠ 3 ಲಕ್ಷ ರೂಪಾಯಿಗಳನ್ನು ರಾಜ್ಯವು ಕೊಡಬೇಕೆಂದೂ, ಅದರಲ್ಲಿ 1 ಲಕ್ಷವನ್ನು 15 ದಿನಗಳೊಳಗೆ ಸಲ್ಲಿಸಬೇಕೆಂದೂ ಆಜ್ಞಾಪಿಸಿತು. 2015ರಲ್ಲಿ, ಖಾಸಗಿ ಆಸ್ಪತ್ರೆಗಳೂ ಅವರಿಗೆ ಉಚಿತವಾಗಿ ಸಂಪೂರ್ಣ ಚಿಕಿತ್ಸೆ ಕೊಡಬೇಕೆಂದಿತು. 2013ರ ದಂಡಸಂಹಿತೆಯ ತಿದ್ದುಪಡಿಯು, ಅಪರಾಧಿಗೆ ವಿಧಿಸುವ ಜುಲ್ಮಾನೆಯು ಸಂತ್ರಸ್ತರ ಚಿಕಿತ್ಸಾವೆಚ್ಚವನ್ನು ಭರಿಸುವಷ್ಟು ಇರಬೇಕೆಂದೂ, ಅದು ಅವರಿಗೇ ಸಲ್ಲಬೇಕೆಂದೂ ವಿಧಿಸಿತು. ಸಾವಿರ ವರ್ಷಗಳಿಗೂ ಹಿಂದಿನ ಸಮುತ್ಥಾನವ್ಯಯವೇ ಹೊಸ ವೇಷದಲ್ಲಿ ಮರಳಿ ಬಂದಂತಾಯಿತು. ಇಂದು ಸುರಕ್ಷಾ ಸಂಹಿತೆಯ 397ನೆಯ ಕಲಮಿನಂತೆ, ಆಸಿಡ್ ದಾಳಿ, ಅತ್ಯಾಚಾರ ಮತ್ತು ಮಕ್ಕಳ ಮೇಲಣ ಲೈಂಗಿಕ ಅಪರಾಧಗಳಿಗೆ ಗುರಿಯಾದವರಿಗೆ ಯಾವ ಆಸ್ಪತ್ರೆಯೂ ತಕ್ಷಣದ ಉಚಿತ ಚಿಕಿತ್ಸೆಯನ್ನು ನಿರಾಕರಿಸಕೂಡದು. ನಿರಾಕರಿಸುವುದೇ ಒಂದು ಅಪರಾಧ.

ಇದು ಅತ್ಯಂತ ನ್ಯಾಯವಾದ ವಿಧಿ. ಆದರೆ ಈ ವಿಧಿಯು ಅಲ್ಲಿಗೇ ಏಕೆ ನಿಲ್ಲಬೇಕು? ಹೊಟ್ಟೆಗೆ ಚಾಕು ಹೊಕ್ಕು, ಕರುಳನ್ನು ಕೆಲಕಾಲ ಹೊರಗೆ ತಂದು ಚೀಲ ಕಟ್ಟಿ, ತಿಂಗಳುಗಳ ಅನಂತರ ಮತ್ತೆ ಒಳಗೆ ಸೇರಿಸುವ ಎರಡನೆಯ ಶಸ್ತ್ರಚಿಕಿತ್ಸೆಗಾಗಿ ಹಣ ಕೂಡಿಸುತ್ತಿರುವ ಆಟೋ ಚಾಲಕನಿಗೆ, ದರೋಡೆಕೋರರ ಕಬ್ಬಿಣದ ಸಲಾಕೆಯಿಂದ ತಲೆಬುರುಡೆ ಒಡೆದ ಕಾವಲುಗಾರನಿಗೆ, ಅಂಗೈ ಸೀಳಿದ ಹೊಲಿಗೆಯವರಿಗೆ ಆ ಕಲಮು ಅನ್ವಯಿಸುವುದಿಲ್ಲ. ಗಾಯಾಳುವಿಗೆ ಮೊದಲು ಚಿಕಿತ್ಸೆ, ಕಾಗದಪತ್ರಗಳು ಅನಂತರ ಎಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದುದು ಎಲ್ಲ ವೈದ್ಯರಿಗೂ ತಿಳಿದಿದೆ. ಜೀವ ಉಳಿಸುವ ಹೊಣೆ ಯಾರದೆಂಬುದು ಅಂದೇ ತೀರ್ಮಾನವಾಯಿತು. ಉಳಿಸಿದುದರ ಬಿಲ್ಲು ಯಾರ ಕೈಗೆ ಎಂಬುದು ಮಾತ್ರ ಹಾಗೆಯೇ ಉಳಿಯಿತು. ರೂಢಿಯಲ್ಲಿ ಅದು ಹಾಸಿಗೆಯ ಮೇಲೆ ಮಲಗಿದವರ ಕೈಗೇ ಬರುತ್ತದೆ.

ಒಂದು ಹೋಲಿಕೆಯನ್ನು ಓದುಗರ ಮುಂದಿಡುತ್ತೇನೆ. ಒಂದೇ ರಸ್ತೆ, ಒಂದೇ ಹೊತ್ತು, ಇಬ್ಬರು ಪಾದಚಾರಿಗಳು. ಒಬ್ಬನಿಗೆ ವಾಹನವು ಬಡಿಯಿತು. ಇನ್ನೊಬ್ಬನಿಗೆ ದುಷ್ಕರ್ಮಿಯು ಇರಿದನು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವು ಜಾರಿಗೆ ತಂದ ಯೋಜನೆಯಂತೆ ಮೊದಲನೆಯವನಿಗೆ, ಅಪಘಾತದ ದಿನದಿಂದ ಏಳು ದಿನಗಳವರೆಗೆ, 1.5 ಲಕ್ಷ ರೂಪಾಯಿಗಳ ಮಿತಿಯೊಳಗೆ, ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ ಕೈಯಿಂದ ಹಣ ಕೊಡದೆ ಚಿಕಿತ್ಸೆ ದೊರೆಯುತ್ತದೆ. ಬಡಿದ ವಾಹನ ಯಾವುದೆಂದು ಗೊತ್ತಾಗದೆಹೋದರೂ, ತೀವ್ರ ಗಾಯಕ್ಕೆ 50,000, ಸಾವಾದರೆ 2 ಲಕ್ಷ ರೂಪಾಯಿಗಳ ಪರಿಹಾರವು 2022ರಿಂದ ಗೊತ್ತಾಗಿದೆ. ಕರ್ನಾಟಕ ಸರ್ಕಾರವಾದರೋ ಇದಕ್ಕಿಂತ ಬಹಳ ಮೊದಲೇ, 2016ರಲ್ಲಿ, ಸಾಂತ್ವನ ಹರೀಶ್ ಯೋಜನೆಯ ಮೂಲಕ ಅಪಘಾತದ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿಗಳವರೆಗೆ ತಾನೇ ಭರಿಸುವ ಮಾರ್ಗವನ್ನು ಹಾಕಿಕೊಟ್ಟಿತ್ತು. ಇವೆಲ್ಲವೂ ಸ್ತುತ್ಯವಾದ ಕಾರ್ಯಗಳು. ಆದರೆ ಚಾಲಕನ ಅಜಾಗ್ರತೆಯಿಂದ ಬಿದ್ದವನಿಗೆ ಸಮಾಜವು ಮುಂದೆ ಬಂದು ಕೈಕೊಡುವುದಾದರೆ, ಮನುಷ್ಯನ ದುಷ್ಟಬುದ್ಧಿಯಿಂದ ಬಿದ್ದವನಿಗೆ ಅದೇ ಕೈ ಏಕೆ ಚಾಚಬಾರದು? ರಸ್ತೆಯನ್ನು ಕಾಯುವುದು ರಾಜ್ಯದ ಹೊಣೆಯಾದರೆ, ರಸ್ತೆಯಲ್ಲಿ ನಡೆಯುವವನ ಪ್ರಾಣವನ್ನು ಕಾಯುವುದು ಅದಕ್ಕಿಂತ ಹಿಂದಿನ, ಅದಕ್ಕಿಂತ ಹಿರಿದಾದ ಹೊಣೆಯಲ್ಲವೆ?

ಆದುದರಿಂದ ಆಗಬೇಕಾದುದನ್ನು ಸ್ಪಷ್ಟವಾಗಿ ಹೇಳುವುದು ಒಳ್ಳೆಯದು. ಮೊದಲನೆಯದಾಗಿ, ಹಿಂಸೆಯ ಅಪರಾಧದಿಂದ ತೀವ್ರವಾಗಿ ಗಾಯಗೊಂಡ ಪ್ರತಿಯೊಬ್ಬರಿಗೂ, ಅವರು ಹೆಂಗಸಾಗಲಿ ಗಂಡಸಾಗಲಿ, ರಸ್ತೆ ಅಪಘಾತದವರಿಗೆ ದೊರೆಯುವಂತಹ ನಗದಿಲ್ಲದ ಚಿಕಿತ್ಸೆ ದೊರೆಯಬೇಕು. ಸರ್ಕಾರವು ಅದರ ಹಣವನ್ನು ನೇರವಾಗಿ ಆಸ್ಪತ್ರೆಗೆ ಸಲ್ಲಿಸಬೇಕು. ಎರಡನೆಯದಾಗಿ, ಪರಿಹಾರವು ತೀರ್ಪಿನ ಬಾಲ ಹಿಡಿದು ಬರಕೂಡದು. ಅಪರಾಧವು ನಡೆದುದು ನಿಜವೆಂದು ಮೇಲುನೋಟಕ್ಕೆ ಕಂಡೊಡನೆಯೇ ಮಧ್ಯಂತರ ಪರಿಹಾರವನ್ನು ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿಯೇ ಹೇಳಿದೆ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಣ ದೌರ್ಜನ್ಯ ತಡೆಯ ನಿಯಮಗಳಲ್ಲಿ ಇದರ ಮಾದರಿಯೂ ಸಿದ್ಧವಾಗಿದೆ. ಅಲ್ಲಿ ಪರಿಹಾರದ ಒಂದು ಭಾಗವು ಎಫ್‌ಐಆರ್ ಆದಾಗ, ಒಂದು ಭಾಗವು ದೋಷಾರೋಪಪಟ್ಟಿ ಸಲ್ಲಿಕೆಯಾದಾಗ, ಉಳಿದುದು ತೀರ್ಪಾದಾಗ ಎಂದು ಹಂತಹಂತವಾಗಿ ಸಲ್ಲುತ್ತದೆ. ನೊಂದವರ ಪ್ರಯಾಣದ ವೆಚ್ಚಕ್ಕೂ ಅಲ್ಲಿ ಸ್ಥಾನವುಂಟು. ಆ ವ್ಯವಸ್ಥೆಯನ್ನು ಬಲಪಡಿಸುತ್ತಲೇ ಅದರ ಕ್ರಮವನ್ನು ಎಲ್ಲ ತೀವ್ರ ಹಿಂಸೆಗಳಿಗೂ ವಿಸ್ತರಿಸಬೇಕು.

ಮೂರನೆಯದಾಗಿ, ಲೆಕ್ಕ ಹಾಕುವಾಗ ಆಸ್ಪತ್ರೆಯ ಬಿಲ್ಲೊಂದನ್ನೇ ನೋಡಬಾರದು. ಮಹಿಳಾ ಸಂತ್ರಸ್ತರಿಗಾಗಿ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರವು 2018ರಲ್ಲಿ ರೂಪಿಸಿದ ಯೋಜನೆಯಲ್ಲಿ ದೈಹಿಕ ಹಾಗೂ ಮಾನಸಿಕ ಚಿಕಿತ್ಸೆಯ ವೆಚ್ಚ, ಓದಿಗೆ ಬಂದ ಭಂಗ, ಕೆಲಸದ ನಷ್ಟ ಇವುಗಳನ್ನೆಲ್ಲ ಗಣಿಸಬೇಕೆಂದಿದೆ. ಆ ಅಳತೆಗೋಲು ಸರ್ವರಿಗೂ ಸಲ್ಲಬೇಕು. ನಾಲ್ಕನೆಯದಾಗಿ, ಕೊಟ್ಟ ಹಣವನ್ನು ರಾಜ್ಯವು ಅಪರಾಧಿಯಿಂದ ವಸೂಲು ಮಾಡಲು ಯತ್ನಿಸಲಿ. ಜುಲ್ಮಾನೆಯಿಂದ ನೊಂದವರಿಗೆ ಕೊಡಿಸುವ ಅಧಿಕಾರವು ನ್ಯಾಯಾಧೀಶರಿಗೆ ಬಹುಕಾಲದಿಂದ ಇದೆ. ಅದನ್ನು ಉದಾರವಾಗಿ ಬಳಸಿರೆಂದು ಸರ್ವೋಚ್ಚ ನ್ಯಾಯಾಲಯವು 1988ರಿಂದಲೂ ಹೇಳುತ್ತ ಬಂದಿದೆ. ಕೈದಿಗಳಿಗೆ ನ್ಯಾಯವಾದ ಕೂಲಿ ಕೊಟ್ಟು, ಅದರಲ್ಲಿ ಒಂದು ಪಾಲನ್ನು ಸಂತ್ರಸ್ತರಿಗಾಗಿ ತೆಗೆದಿಡುವ ಮಾರ್ಗವನ್ನು ಅದೇ ನ್ಯಾಯಾಲಯವು 1998ರಲ್ಲಿ ತೋರಿಸಿದೆ. ಕಳ್ಳರಿಂದ ವಶಪಡಿಸಿಕೊಂಡ ಮುದ್ದೆಮಾಲನ್ನಾದರೂ ವರ್ಷಗಟ್ಟಲೆ ಕೋಣೆಯಲ್ಲಿ ಕೂಡಿಡದೆ, ಛಾಯಾಚಿತ್ರ ತೆಗೆದುಕೊಂಡು, ಹೊಸ ಸಂಹಿತೆಯು ಹೇಳುವ ದಿನಗಳೊಳಗೆ ಮಾಲೀಕರಿಗೆ ಮುಟ್ಟಿಸಿದರೆ, ಎಷ್ಟೋ ಮನೆಗಳು ಬಡ್ಡಿಯ ಬಾಯಿಗೆ ಬೀಳುವುದು ತಪ್ಪೀತು. ಕಡೆಯದಾಗಿ, ಎಫ್‌ಐಆರಿನ ಪ್ರತಿಯೊಡನೆ ಪರಿಹಾರದ ಅರ್ಜಿಯ ನಮೂನೆಯನ್ನೂ ದೂರುದಾರರ ಕೈಗೆ ಕೊಡುವುದು ಠಾಣೆಯ ಕರ್ತವ್ಯವಾಗಬೇಕು. ಇದಕ್ಕೆ ಹೊಸ ಕಾನೂನೂ ಬೇಡ, ಹೊಸ ಹಣವೂ ಬೇಡ; ಒಂದು ಸುತ್ತೋಲೆ ಸಾಕು.

ಇದಕ್ಕೆ ಎರಡು ಆಕ್ಷೇಪಗಳು ಬರುವುದುಂಟು. ಹಣದಾಸೆಯಿಂದ ಸುಳ್ಳು ದೂರುಗಳು ಹೆಚ್ಚಿಯಾವೆಂಬುದು ಒಂದು. ಆದರೆ ಸೀಳಿದ ರಜ್ಜು, ಒಡೆದ ತಲೆಬುರುಡೆ ಇವು ವೈದ್ಯರ ಕಣ್ಣಿಗೆ ಕಾಣುವ ಸಂಗತಿಗಳು. ಗಾಯದ ಪ್ರಮಾಣಪತ್ರವು ಇರುವುದೇ ಅದಕ್ಕಾಗಿ. ಹಣವು ಮೊದಲು ಆಸ್ಪತ್ರೆಗೆ ಸಲ್ಲುವುದರಿಂದ, ಸುಳ್ಳು ಹೇಳಿ ಲಾಭ ಪಡೆಯುವ ಅವಕಾಶವೂ ಕಿರಿದಾಗುತ್ತದೆ. ಜಗಳದಲ್ಲಿ ತಾನೂ ಕೈಮಾಡಿದವನು ಗಾಯಗೊಂಡು ಬಂದರೆ, ಅವನಿಗೆ ಚಿಕಿತ್ಸೆ ಕೊಟ್ಟು, ಮಿಕ್ಕ ಪರಿಹಾರವನ್ನು ನ್ಯಾಯವು ತೀರ್ಮಾನಿಸುವವರೆಗೆ ತಡೆಹಿಡಿಯಬಹುದು. ಬೊಕ್ಕಸಕ್ಕೆ ಭಾರವಾದೀತೆಂಬುದು ಎರಡನೆಯ ಆಕ್ಷೇಪ. ಆ ಭಾರವು ಈಗಲೂ ಇದೆ. ಹೊರುತ್ತಿರುವವರು ಯಾರೆಂಬುದಷ್ಟೇ ಪ್ರಶ್ನೆ. ಇಂದು ಅದನ್ನು ಹೊರುತ್ತಿರುವುದು ಅಡವಿಟ್ಟ ಬಳೆ, ನಿಂತ ಹೊಲಿಗೆಯಂತ್ರ, ತಪ್ಪಿದ ಪರೀಕ್ಷೆ. ಕೋಟ್ಯಂತರ ಜನರ ತೆರಿಗೆಯಿಂದ ನಡೆಯುವ ರಾಜ್ಯವು ಹೊರಲಾರದೆಂದು ಹೇಳುವ ಭಾರವನ್ನು ಹೊಲಿಗೆಯ ಒಂದು ಮನೆಯು ಹೊರಬಲ್ಲುದೆಂದು ಎಣಿಸುವುದು ಧರ್ಮವಲ್ಲ. ಬೆರಳು ಮರಗಟ್ಟಿ ದುಡಿಯುವವರೊಬ್ಬರು ದುಡಿಯಲಾರದವರಾದರೆ ನಷ್ಟವು ಅವರೊಬ್ಬರಿಗಷ್ಟೇ ನಿಲ್ಲುವುದೂ ಇಲ್ಲ. ಆರು ವಾರಗಳ ವ್ಯಾಯಾಮಕ್ಕೆ ಕೊಡದೆ ಉಳಿಸಿದ ಹಣವನ್ನು ನಾಡು ಅವರ ಮಿಕ್ಕ ಬಾಳಿನಲ್ಲೆಲ್ಲ ತೆರುತ್ತ ಹೋಗುತ್ತದೆ.

ಆ ಸಂಜೆ ನಾನು ಆ ತಾಯಿಗೆ, ಚೀಟಿಗಳನ್ನು ಒಪ್ಪಿಸುವ ಸ್ಥಳವೊಂದಿದೆಯೆಂದು ಹೇಳಿದೆ. ನಮ್ಮ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿಯೇ ಇರುವ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಮರುದಿನ ಅವರೂ ಅವರ ಮಗಳೂ ನಾನೂ ಹೋದೆವು. ಇಂತಹ ನೆರವನ್ನು ಬಯಸುವ ಓದುಗರು 15100 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೂ ದಾರಿ ತಿಳಿಯುತ್ತದೆ. ಕಚೇರಿಯ ಗುಮಾಸ್ತರು ಸಮಾಧಾನದಿಂದ ಕೇಳಿ ಅರ್ಜಿಯ ನಮೂನೆಯನ್ನು ಕೊಟ್ಟರು. ಮಗಳು ಅದನ್ನು ತುಂಬಿದಳು. ಚೀಟಿಗಳನ್ನು ಕಟ್ಟಿನಿಂದ ಬಿಡಿಸಿ, ದಿನಾಂಕದ ಕ್ರಮದಲ್ಲಿ ಒಂದೊಂದಾಗಿ ಲಗತ್ತಿಸಿದಳು. ಸಹಿಯ ಸ್ಥಳ ಬಂದಾಗ ಗುಮಾಸ್ತರು ಹೆಬ್ಬೆಟ್ಟಿನ ಶಾಯಿಯ ಡಬ್ಬಿಯನ್ನು ಮುಂದಕ್ಕೆ ಸರಿಸಿದರು. ಆ ತಾಯಿ ಅದನ್ನು ಪಕ್ಕಕ್ಕಿಟ್ಟು, "ನನಗೆ ಬರೆಯೋಕೆ ಬರುತ್ತೆ ಸಾರ್" ಎಂದು, ಲೇಖನಿಯನ್ನು ಎಡಗೈಯಲ್ಲಿ ಹಿಡಿದರು. ಒಂದನೆಯ ತರಗತಿಯ ಮಗು ಸ್ಲೇಟಿನ ಮೇಲೆ ತಿದ್ದುವಂತೆ, ಅಕ್ಷರಕ್ಕೊಮ್ಮೆ ಉಸಿರು ಬಿಗಿಹಿಡಿಯುತ್ತ, ತಮ್ಮ ಹೆಸರನ್ನು ಪೂರ್ತಿಯಾಗಿ ಬರೆದರು. ಅವರು ಏಳಲು ಆರಂಭಿಸಿದ್ದಾರೆ. ಅದರ ವೆಚ್ಚದಲ್ಲಿ ನಮ್ಮ ಪಾಲನ್ನು ನಾವು ಸಲ್ಲಿಸಬೇಕಾಗಿದೆ.